ಇಪ್ಪತ್ತಮೂರನೆಯವನು

ನಂಟ್‌ಗೋಚ್ ಊರಿನ ಏರು ಎಂಥ ಏರೆಂದರೆ, ಮೇಲಿನ ಬೀದಿಯಲ್ಲಿ ಒಬ್ಬಳು ಆಲೂಗಡ್ಡೆ ಸುಲಿಯುತ್ತ ಕೈಜಾರಿಸಿದರೆ ಅದು ಉರುಳಿಕೊಂಡು ಕೆಳಬೀದಿಯವರ ಪಾತ್ರೆಗೆ ಬೀಳುವಷ್ಟರಲ್ಲಿ ಮಿಕ್ಕ ಸಿಪ್ಪೆಯೂ ಬಿಟ್ಟುಹೋಗಿರುತ್ತಿತ್ತು. ಇಂಥ ಊರಿನಲ್ಲಿ ಎಡಗಾಲು ಒಂದೂವರೆ ಅಂಗುಲ ಗಿಡ್ಡವಾಗಿ ಹುಟ್ಟಿದ ಎಮ್ಲಿನ್ ಪ್ರಾಸರ್‌ನನ್ನು ಕಂಡು ಸೂಲಗಿತ್ತಿ, "ಈ ಮಗೂನ ಈ ಬೀದಿಗೇ ಅಂತ ಅಳತೆ ಕೊಟ್ಟು ಮಾಡಿಸಿದ ಹಾಗಿದೆ" ಎಂದಳಂತೆ. ಅದು ಸುಳ್ಳೂ ಆಗಲಿಲ್ಲ. ಪ್ರಾರ್ಥನಾ ಮಂದಿರಕ್ಕೆ ಹೋಗುವಾಗ ಗುಡ್ಡ ಎಡಕ್ಕಿರುತ್ತಿದ್ದರಿಂದ ಎಮ್ಲಿನ್ ಸಿಪಾಯಿಯ ಹಾಗೆ ನೆಟ್ಟಗೆ ನಡೆಯುತ್ತಿದ್ದ. ವಾಪಸು ಬರುವಾಗ ಗುಡ್ಡ ಬಲಕ್ಕೆ ಬಂದು, ಎರಡು ತಾಸು ಪ್ರಾರ್ಥನೆ ಮಾಡಿದವನು ಎರಡು ಸೇರು ಕುಡಿದವನಂತೆ ಕಾಣುತ್ತಿದ್ದ.

ಆ ಕಾಲಿನ ದೆಸೆಯಿಂದಲೇ ಅವನು ಊರಿನ ಕಲ್ಲಿದ್ದಲು ಗಣಿಯೊಳಕ್ಕೆ ಇಳಿಯಲಿಲ್ಲ. ಓರಗೆಯವರೆಲ್ಲ ಹದಿನೈದು ತುಂಬುತ್ತಲೇ ಅಪ್ಪಂದಿರ ಹಳೇ ಬೂಟು ಹಾಕಿಕೊಂಡು ನೆಲದೊಳಗೆ ಇಳಿದರೆ, ಎಮ್ಲಿನ್‌ನನ್ನು ಗಣಿಬಾಯಿಯ ಪಕ್ಕದ ದೀಪದ ಕೋಣೆಯಲ್ಲಿ ಕೂರಿಸಿದರು. ಅಲ್ಲಿಂದ ಅವನು ದೀಪದ ಎಮ್ಲಿನ್ ಆದ. ಸಾಯುವವರೆಗೂ ಅದೇ ಹೆಸರು.

ಅಡ್ಡಹೆಸರಿಲ್ಲದೆ ಆ ಊರಿನಲ್ಲಿ ಬದುಕುವ ಹಾಗಿರಲಿಲ್ಲ. ದೇವರು ಜಗತ್ತಿಗೆಲ್ಲ ಮನೆತನದ ಹೆಸರು ಹಂಚುತ್ತ ಬಂದು ನಂಟ್‌ಗೋಚ್ ಮುಟ್ಟುವ ಹೊತ್ತಿಗೆ ಚೀಲದ ತಳದಲ್ಲಿ ಉಳಿದದ್ದು ನಾಲ್ಕೋ ಐದೋ. ಬೀದಿಯಲ್ಲಿ ನಿಂತು "ಜೋನ್ಸ್!" ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು, "ವಿಲಿಯಮ್ಸ್!" ಎಂದರೆ ಉಳಿದರ್ಧ. ಅದಕ್ಕೇ ಅರ್ಧ ಮೀಸೆ ಇವಾನ್, ನಾಳೆ ಹೇಡನ್, ಎರಡು ಕೋಟಿನ ಮೊಸ್ಟಿನ್, ಊಟದ ಡಬ್ಬಿ ಖಾಲಿಯಾದ ಮೇಲೂ ಪಕ್ಕದವನ ಡಬ್ಬಿಗೆ ಕಣ್ಣು ಹಾಕುತ್ತಿದ್ದ ಇನ್ನೊಂದು ಚೂರು ಬ್ರಿನ್. ಮೌನಿ ಟ್ರೆಹಾರ್ನ್ ಎಂಬವನಿದ್ದ. ಅವನು ಮಾತು ಶುರು ಮಾಡಿದರೆ ಗಣಿಯ ಕುದುರೆಗಳು ಕೂಡ ನಿಂತಲ್ಲೇ ನಿದ್ದೆ ಹೋಗುತ್ತಿದ್ದವು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಬೇಕಾಗುತ್ತಿದ್ದುದು ಎರಡೇ ಕಡೆ, ಮದುವೆಯ ದಿನ ಮತ್ತು ಗೋರಿಯ ಕಲ್ಲಿನ ಮೇಲೆ.

ದೀಪದ ಕೋಣೆಯ ಕೆಲಸ ಕೇಳಿದರೆ ಸುಲಭ. ಪ್ರತಿಯೊಬ್ಬನಿಗೂ ಒಂದು ನಂಬರು, ಆ ನಂಬರಿನ ಒಂದು ಹಿತ್ತಾಳೆ ಬಿಲ್ಲೆ, ಅದೇ ನಂಬರಿನ ಒಂದು ದೀಪ. ಪಾಳಿಗೆ ಬಂದವನು ಕಿಟಕಿಯಲ್ಲಿ ಬಿಲ್ಲೆ ಕೊಡಬೇಕು, ಎಮ್ಲಿನ್ ಗೂಟದಿಂದ ದೀಪ ತೆಗೆದುಕೊಟ್ಟು ಅದೇ ಗೂಟಕ್ಕೆ ಬಿಲ್ಲೆ ತೂಗುಹಾಕಬೇಕು. ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ತೆಗೆದುಕೊಂಡು ಮನೆಗೆ. ಹಾಗಾಗಿ ಯಾವ ಹೊತ್ತಿಗೆ ನೋಡಿದರೂ ಗೋಡೆಯ ಮೇಲೆ ಎಷ್ಟು ಬಿಲ್ಲೆಯೋ ಅಷ್ಟು ಜನ ನೆಲದೊಳಗೆ.

ಎಮ್ಲಿನ್ ಆರು ತಿಂಗಳಲ್ಲಿ ನಂಬರು ನೋಡುವುದನ್ನು ಬಿಟ್ಟ. ಕಿಟಕಿಯ ಆಚೆ ಕತ್ತಲಲ್ಲಿ ಕೆಮ್ಮು ಕೇಳಿಸಿದರೆ ಸಾಕು, ಕೈ ತಾನಾಗಿ ಆ ಗೂಟಕ್ಕೆ ಹೋಗುತ್ತಿತ್ತು. ಏಳುನೂರು ಜನರ ಏಳುನೂರು ಕೆಮ್ಮು. ಕೆಮ್ಮಿನಿಂದಲೇ ಅವನ ಹೆಸರು, ನಂಬರು, ಹಿಂದಿನ ದಿನ ಏನು ಉಂಡ, ಹೆಂಡತಿಯ ಕೂಡ ಜಗಳವಾಡಿದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ ಎಂದು ಊರವರು ಹೇಳುತ್ತಿದ್ದರು. ಒಮ್ಮೆ ಒಬ್ಬ ಕೆಮ್ಮಿದ್ದನ್ನು ಕೇಳಿ, "ನಿಂಗೆ ಹೆಣ್ಣು ಮಗು ಆಗಿದೆ, ಮನೆಗೆ ಓಡು" ಎಂದನಂತೆ. ಓಡಿ ನೋಡಿದರೆ ನಿಜ. ಇದರಲ್ಲಿ ಅರ್ಧ ತೆಗೆದುಹಾಕಿದರೂ ಉಳಿಯುವುದು ಸಣ್ಣದೇನಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ಮಾರ್ಚ್ ತಿಂಗಳು, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲಕ್ಕೆ ಗಣಿಯ ಪೂರ್ವದ ಕವಲಿನಲ್ಲಿ ಅನಿಲ ಹೊತ್ತಿಕೊಂಡಿತು. ಸಂಜೆಯ ಹೊತ್ತಿಗೆ ಬೇರೆ ಕವಲಿನವರೆಲ್ಲ ಮೇಲೆ ಬಂದು ದೀಪ ಕೊಟ್ಟು ಬಿಲ್ಲೆ ಒಯ್ದಿದ್ದರು. ಗೋಡೆಯ ಮೇಲೆ ಇಪ್ಪತ್ತಮೂರು ಬಿಲ್ಲೆ ಉಳಿದಿದ್ದವು. ಬಾಗಿಲಲ್ಲಿ ಹೆಂಗಸರು. ಮ್ಯಾನೇಜರು ಕಾಗದ ಹಿಡಿದು ಬಂದು, "ಜೆ. ಜೋನ್ಸ್" ಎಂದು ಓದಿದ. ಹನ್ನೊಂದು ಜನ ಹೆಂಗಸರು ಒಟ್ಟಿಗೆ ಕಿರುಚಿದರು. ಅವನು ಹೆದರಿ ಓದುವುದನ್ನು ನಿಲ್ಲಿಸಿದ. ಆಗ ಇಪ್ಪತ್ತೆರಡು ವರ್ಷದ ಎಮ್ಲಿನ್ ಕುಂಟುತ್ತ ಮೆಟ್ಟಿಲಿಗೆ ಬಂದು, ಗೂಟದ ಸಾಲು ಕಣ್ಣೆದುರು ಇರುವಂತೆ, ಕಾಗದವಿಲ್ಲದೆ, ಊರು ಕರೆಯುವ ಹೆಸರಿನಿಂದ ಒಬ್ಬೊಬ್ಬನನ್ನೇ ಕರೆದ. "ಅರ್ಧ ಮೀಸೆ ಇವಾನ್." ಗುಂಪಿನಿಂದ ಒಂದೇ ಒಂದು ದನಿ, "ಕೆಳಗೇ ಇದಾನೆ." "ನಾಳೆ ಹೇಡನ್." ಇನ್ನೊಂದು ದನಿ, "ಕೆಳಗೇ ಇದಾನೆ." ಹೀಗೆ ಇಪ್ಪತ್ತಮೂರು. ಅವರಲ್ಲಿ ಯಾರೂ ಮೇಲೆ ಬರಲಿಲ್ಲ.

ಮರುವರ್ಷ ಅದೇ ದಿನ ಬೆಳಿಗ್ಗೆ ಹತ್ತೂಕಾಲಕ್ಕೆ ಹೆಂಗಸರು ಬಂದು ಮೆಟ್ಟಿಲೆದುರು ನಿಂತರು. ಯಾರೂ ಕರೆದಿರಲಿಲ್ಲ. ಎಮ್ಲಿನ್ ಹೊರಗೆ ಬಂದು ಮತ್ತೆ ಕರೆದ. ಆಮೇಲೆ ಪ್ರತಿವರ್ಷ.

ಗಣಿ ಮುಚ್ಚಿತು. ರಿಜಿಸ್ಟರುಗಳನ್ನು ಒಂದು ಲಾರಿ ತುಂಬಿಕೊಂಡು ಹೋಯಿತು, ಎಲ್ಲಿಗೆ ಎಂದು ಲಾರಿಯವನಿಗೂ ಗೊತ್ತಿದ್ದಂತಿರಲಿಲ್ಲ. ಗಣಿಬಾಯಿಗೆ ಕಾಂಕ್ರೀಟು ಹಾಕಿದರು. ದೀಪದ ಕೋಣೆ ಕೆಡವಿ ಸೂಪರ್‌ಮಾರ್ಕೆಟ್ ಕಟ್ಟಿದರು. ಅದರ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಖಾಲಿ ಬಾಟಲಿಯ ತೊಟ್ಟಿಗಳ ಪಕ್ಕ, ಇಪ್ಪತ್ತಮೂರು ಹೆಸರಿನ ಒಂದು ಕಲ್ಲು. ಕಲ್ಲು ಸಣ್ಣದು, ಹಾಗಾಗಿ ಮೊದಲಕ್ಷರ ಮತ್ತು ಮನೆತನ ಮಾತ್ರ. ಅದರಲ್ಲಿ ಮೂವರು ಜೆ. ಜೋನ್ಸ್, ಇಬ್ಬರು ಡಿ. ಡೇವಿಸ್, ಇಬ್ಬರು ಡಬ್ಲ್ಯು. ವಿಲಿಯಮ್ಸ್. ಯಾರು ಯಾರೆಂದು ಆ ಕಲ್ಲಿಗೂ ಗೊತ್ತಿರಲಿಲ್ಲ.

ಎಮ್ಲಿನ್ ಪರದೆ ಹೊಲಿಯುವ ಕಾರ್ಖಾನೆಯ ಬಾಗಿಲು ಕಾದ, ಗ್ಲೆನಿಸ್ ಎಂಬ ಒಳ್ಳೆಯ ಹೆಂಗಸಿನ ಜೊತೆ ನಲವತ್ತು ವರ್ಷ ಸಂಸಾರ ಮಾಡಿ ಅವಳನ್ನು ಮಣ್ಣು ಮಾಡಿದ, ಲೀಕ್ ಎಂಬ ಉದ್ದನೆಯ ಈರುಳ್ಳಿ ಬೆಳೆದು ಎರಡು ಸಲ ಬಹುಮಾನ ಪಡೆದ. ಒಂದು ಲೀಕ್ ಎಷ್ಟು ದಪ್ಪವಿತ್ತೆಂದರೆ ಅದನ್ನು ಪ್ರದರ್ಶನಕ್ಕೆ ಒಯ್ಯುವಾಗ ಬಸ್ಸಿನವನು ಅದಕ್ಕೂ ಟಿಕೆಟ್ಟು ಕೇಳಿದ್ದ. ಆದರೆ ಇದೆಲ್ಲ ವರ್ಷದ ಮುನ್ನೂರ ಅರವತ್ತನಾಲ್ಕು ದಿನದ ಮಾತು. ಉಳಿದ ಒಂದು ದಿನಕ್ಕಾಗಿ ಅವನು ಬದುಕಿದ್ದ.

ಆ ಹೆಸರುಗಳನ್ನು ಬರೆದುಕೊಳ್ಳೋಣ ಎಂದವರು ಇಲ್ಲದಿರಲಿಲ್ಲ. ಶಾಲೆಯ ಮೇಷ್ಟ್ರು ನೋಟುಪುಸ್ತಕ ತಂದರು, ಪತ್ರಿಕೆಯವನು ಟೇಪ್ ರೆಕಾರ್ಡರ್ ತಂದ. ಎಮ್ಲಿನ್‌ನದು ಒಂದೇ ಮಾತು: "ಕಾಗದ ನೋಡಿ ಹೇಳೋನಿಗೆ ಕೆಳಗೆ ಯಾರಿದಾರೆ ಅಂತ ಗೊತ್ತಿಲ್ಲ ಅಂತ ಅರ್ಥ. ಮ್ಯಾನೇಜರ್ ಹತ್ರ ಕಾಗದ ಇತ್ತಲ್ಲ, ಏನಾಯ್ತು?" ಊರೂ ಅದನ್ನು ಹೆಮ್ಮೆಯಿಂದ ಒಪ್ಪಿತು. ಕಸಾಯಿ ಅಂಗಡಿಯವನೊಬ್ಬ ಒಂದು ವರ್ಷ ಮೊಬೈಲ್ ಎತ್ತಿ ಹಿಡಿದಾಗ ಹೆಂಗಸರ ಏಳು ಕೊಡೆಗಳು ಒಟ್ಟಿಗೆ ಅವನ ಕೈ ಮೇಲೆ ಬಿದ್ದವು. ಆಮೇಲೆ ಮೂರು ವಾರ ಅವನು ಎಡಗೈಯಲ್ಲೇ ಮಾಂಸ ಕೊಚ್ಚಿದ.

ಗಣಿಯಲ್ಲಿ ಅನಿಲ ಹೊತ್ತಿಕೊಂಡು ಐವತ್ತೇಳನೆಯ ವರ್ಷ. ಆ ದಿನಕ್ಕೆ ಇನ್ನು ಮೂರು ವಾರ ಇರುವಾಗ, ಎಮ್ಲಿನ್ ಬೆಳಗಿನ ಟೀಗೆ ನೀರಿಟ್ಟು, ಎಂದಿನಂತೆ ಹೆಸರು ಹೇಳುತ್ತ ನಿಂತ. ಮುಗಿಯಿತು. ನೀರು ಕುದಿಯಲಿಲ್ಲ. ಸರಿಯಾಗಿ ಇಪ್ಪತ್ತಮೂರನೆಯ ಹೆಸರಿಗೆ ಆ ಕೆಟಲು ಶಿಳ್ಳೆ ಹಾಕಬೇಕಿತ್ತು. ಕೆಟಲು ಕೆಟ್ಟಿರಬೇಕು ಎಂದುಕೊಂಡು ಬೆರಳು ಮಡಚಿ ಮತ್ತೆ ಹೇಳಿದ. ಇಪ್ಪತ್ತೆರಡು.

ಅವನ ತಂಗಿ ಮೊರ್ವೆನ್ ಪಕ್ಕದ ಮನೆಯಲ್ಲಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅದು ಎಷ್ಟು ತೆಳುವೆಂದರೆ ಈಚೆ ಈರುಳ್ಳಿ ಹೆಚ್ಚಿದರೆ ಆಚೆ ಕಣ್ಣೀರು. ಅವಳು ಗೋಡೆಯಾಚೆಯಿಂದಲೇ ಕೂಗಿದಳು.

"ಏನೋ ಎಮ್ಲಿನ್, ಬೆಳಿಗ್ಗೆಯಿಂದ ಒಂದೇ ಪಾಠ ಒಪ್ಪಿಸ್ತಿದೀಯ? ಮೇಷ್ಟ್ರು ನಿಂತ್ಕೋ ಅಂದ್ರಾ?"

"ಒಬ್ಬ ಕಡಿಮೆ ಆಗ್ತಿದಾನೆ ಕಣೆ."

"ಯಾರು?"

"ಅದು ಗೊತ್ತಿದ್ರೆ ಅವನು ಕಡಿಮೆ ಆಗ್ತಿದ್ನಾ?"

ಮೊರ್ವೆನ್ ಹೇಳಿದಳು: "ನಾನು ಕೆಂಡ ಕೆದಕೋ ಸಲಾಕೆ ತಗೋತೀನಿ. ನೀನು ಒಂದು ಹೆಸರು ಹೇಳು, ನಾನು ಒಂದು ಸಲ ಗೋಡೆಗೆ ಕುಟ್ತೀನಿ. ಎಣಿಸೋ ಚಿಂತೆ ನಂಗಿರ್ಲಿ, ನೀನು ಹೆಸರು ಮಾತ್ರ ನೋಡ್ಕೋ."

ಮೂರು ವಾರ ದಿನಾ ಬೆಳಿಗ್ಗೆ ಗೋಡೆ ಕುಟ್ಟುವುದು ನಡೆಯಿತು. ಆಚೆಮನೆಯವನು ಹೆಗ್ಗಣ ಎಂದುಕೊಂಡು ಎರಡು ಬೋನು ತಂದಿಟ್ಟ. ಕುಟ್ಟು ಪ್ರತಿದಿನವೂ ಇಪ್ಪತ್ತೆರಡಕ್ಕೆ ನಿಲ್ಲುತ್ತಿತ್ತು. ಬೇರೆ ಬೇರೆಯವರು ತಪ್ಪಿಹೋಗುತ್ತಿದ್ದರೆ ಹಿಡಿದು ತರಬಹುದಿತ್ತು. ತಪ್ಪುತ್ತಿದ್ದವನು ಒಬ್ಬನೇ, ಒಂದೇ ಜಾಗದಲ್ಲಿ. ಪಾರಿವಾಳದ ಅಲುನ್ ಆದ ಮೇಲೆ ಎರಡು ಕೋಟಿನ ಮೊಸ್ಟಿನ್‌ಗೆ ಮುಂಚೆ, ಕಿಟಕಿಯ ಕೆಳಗಿನ ಗೂಟ. ಎಮ್ಲಿನ್‌ಗೆ ಆ ಗೂಟ ಕಾಣುತ್ತಿತ್ತು. ಅದರ ತುಕ್ಕು ಕಾಣುತ್ತಿತ್ತು. ನಂಬರು ಇನ್ನೂರ ಎಂಟು ಕಾಣುತ್ತಿತ್ತು. ಹೆಸರಿನ ಜಾಗದಲ್ಲಿ ಸುಣ್ಣದ ಗೋಡೆ.

"ಮೊರ್ವೆನ್, ನೀನೂ ಐವತ್ತಾರು ವರ್ಷ ಕೇಳಿದೀಯಲ್ಲೆ. ಅಲುನ್ ಆದ್ಮೇಲೆ ಯಾರು?"

"ನಾನೆಲ್ಲಿ ಕೇಳಿದೀನೋ? ಪ್ರತಿವರ್ಷ ನನ್ನನ್ನ ಮಂದಿರದ ಹಿಂದಿನ ಕೋಣೆಯಲ್ಲಿ ಟೀ ಹಂಡೆ ಹತ್ರ ನಿಲ್ಲಿಸ್ತಿದ್ರಲ್ಲ. ಜನ ಕೂಗೋದು ಮಾತ್ರ ಕಿವಿಗೆ ಬೀಳೋದು. ಕೆಳಗೇ ಇದಾನೆ, ಕೆಳಗೇ ಇದಾನೆ. ಗೋಡೆಯಾಚೆ ದಿನಾ ನಿನ್ನ ಗೊಣಗಾಟ ಬರುತ್ತೆ, ಹೆಸರು ಬಿಡಿಸಿ ಕೇಳಲ್ಲ. ಯಾರು ಅಂತ ನಂಗೇನು ಗೊತ್ತು?"

ಅವಳೇ ಒಂದು ನೋಟುಪುಸ್ತಕ ತಂದು ಮೇಜಿನ ಮೇಲಿಟ್ಟಳು. ಅವನು ಎರಡು ದಿನ ಅದರ ಕಡೆ ಬೆನ್ನು ಹಾಕಿ ಕೂತ. ಮೂರನೆಯ ದಿನ ಪೆನ್ನು ಹಿಡಿದ. ಬರೆಯಹೋದರೆ ಹತ್ತೊಂಬತ್ತೇ ಬಂದವು. ನಾಲಿಗೆಯ ಮೇಲಿದ್ದವರು ಪೆನ್ನಿನ ತುದಿಗೆ ಬರಲು ಒಪ್ಪಲಿಲ್ಲ. ಹೆದರಿ ಪುಸ್ತಕ ಮುಚ್ಚಿದ. ಇರುವವರನ್ನೂ ಇದು ಓಡಿಸಿಬಿಟ್ಟರೆ ಏನು ಗತಿ?

ಡಾಕ್ಟರ ಹತ್ತಿರ ಹೋದ. ಎಳೆಯ ಹುಡುಗಿ, ತುಂಬ ಒಳ್ಳೆಯವಳು. ಇವತ್ತು ಯಾವ ವಾರ, ಪ್ರಧಾನಿ ಯಾರು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಳು. ಎಮ್ಲಿನ್ ಎಲ್ಲ ಸರಿಯಾಗಿ ಹೇಳಿದ.

"ನಿಮ್ಮ ವಯಸ್ಸಿಗೆ ನಿಮ್ಮ ನೆನಪು ತುಂಬಾ ಚೆನ್ನಾಗಿದೆ, ಮಿಸ್ಟರ್ ಪ್ರಾಸರ್."

"ಪ್ರಧಾನಿ ಹೆಸರು ಇಟ್ಕೊಂಡು ನಾನೇನ್ ಮಾಡ್ಲಮ್ಮ? ಅದನ್ನ ನೀವೇ ತಗೊಂಡು ಇನ್ನೂರ ಎಂಟನೆಯವನ ಹೆಸರು ವಾಪಸ್ ಕೊಡೋಕಾಗುತ್ತಾ?"

ಅವಳು ನಕ್ಕು, ಮೀನೆಣ್ಣೆಯ ಮಾತ್ರೆ ಬರೆದುಕೊಟ್ಟಳು.

ಕೊನೆಗೆ ಆ ಜಾಗಕ್ಕೇ ಹೋದ. ಸೂಪರ್‌ಮಾರ್ಕೆಟ್ಟಿನ ಎದುರು ಟ್ರಾಲಿಗಳನ್ನು ಒಂದರೊಳಗೊಂದು ಸೇರಿಸಿ ನಿಲ್ಲಿಸುವ ಕಡೆಯೇ ದೀಪದ ಕೋಣೆಯ ಗೋಡೆ ಇತ್ತು. ಎಮ್ಲಿನ್ ಟ್ರಾಲಿಗಳ ಮುಂದೆ ನಿಂತು, ಒಂದೊಂದರ ಹಿಡಿಕೆ ಮುಟ್ಟಿ, ಒಂದೊಂದು ಹೆಸರು ಹೇಳುತ್ತ ಹೋದ. ಅಂಗಡಿಯಲ್ಲಿ ಕೆಲಸ ಮಾಡುವ ಕ್ಯಾರಿಸ್ ಹೊರಗೆ ಬಂದಳು. ಇನ್ನೊಂದು ಚೂರು ಬ್ರಿನ್‌ನ ಮೊಮ್ಮಗಳ ಮಗಳು.

"ಎಮ್ಲಿನ್ ಮಾಮ, ಟ್ರಾಲಿ ಬೇಕಾ?"

"ಇಪ್ಪತ್ಮೂರು ಬೇಕು."

"ಅಯ್ಯೋ, ಊರಿಗೇ ಊಟ ಹಾಕಿಸ್ತೀರಾ?"

"ನಿಮ್ಮ ಮುತ್ತಜ್ಜ ಒಬ್ಬ ಬಂದಿದ್ರೆ ಅಷ್ಟೂ ಸಾಕಾಗ್ತಿರ್ಲಿಲ್ಲ," ಎಂದ. ಅವಳು ನಗುತ್ತಿರುವಾಗ ಹದಿನಾರನೆಯ ಟ್ರಾಲಿಯ ಹತ್ತಿರ ಅವನ ಕೈ ನಿಂತಿತು. ಆ ಸಾಲಿನ ಕೊನೆಯಲ್ಲಿದ್ದ ಹದಿನೇಳನೆಯದರ ಹಿಡಿಕೆ ತಣ್ಣಗಿತ್ತು. ಹಿಡಿದುಕೊಂಡೇ ನಿಂತ. ಏನೂ ಬರಲಿಲ್ಲ. ಒಬ್ಬ ಹೆಂಗಸು ಬಂದು, "ಕ್ಷಮಿಸಿ, ಇದನ್ನ ತಗೋಬಹುದಾ?" ಎಂದು ಆ ಟ್ರಾಲಿಯನ್ನೇ ಎಳೆದುಕೊಂಡು ಹೋದಳು.

ಆ ದಿನಕ್ಕೆ ಒಂದು ದಿನ ಮುಂಚೆ ಮೊರ್ವೆನ್ ಹೆಂಚಿನ ಕೇಕು ಬೇಯಿಸುತ್ತ ಮೆಲ್ಲಗೆ ಹೇಳಿದಳು: "ಒಂದ್ ಮಾತು ಹೇಳ್ತೀನಿ, ಕೂಗಾಡಬೇಡ. ಇಪ್ಪತ್ತೆರಡು ಹೇಳು, ಮನೆಗೆ ಬಾ. ಯಾರು ಎಣಿಸ್ತಾರೆ?"

"ಯಾರೂ ಎಣಿಸಲ್ಲ."

"ಮತ್ತೆ?"

"ಅವತ್ತು ಅವನ ಕೈಗೆ ದೀಪ ಕೊಟ್ಟೋನು ನಾನು ಕಣೆ. ಅವನು ವಾಪಸ್ ತಂದುಕೊಟ್ಟಿಲ್ಲ."

ಅವಳು ಕೇಕು ಮಗುಚುವುದನ್ನು ಮರೆತಳು. ಅವು ಗಣಿಯಿಂದ ತೆಗೆದ ಹಾಗೆ ಕಪ್ಪಾದವು. ಇಬ್ಬರೂ ಅವನ್ನೇ ತಿಂದರು.

ಆ ದಿನ ಅರವತ್ತು ಜನ ಸೇರಿದ್ದರು. ಸ್ಮಾರಕ ಸಮಿತಿಯ ಕಾರ್ಯದರ್ಶಿ ಗರೆತ್ ಪಾರಿ ಕಪ್ಪು ಟೈ ಕಟ್ಟಿ ಮುಂದೆ ನಿಂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಸಭೆ ಗರೆತ್ ಎಂದು ಹೆಸರು, ಇಬ್ಬರು ಒಂದು ಕಡೆ ನಿಂತರೆ ಸಾಕು ಅಧ್ಯಕ್ಷರನ್ನು ಆರಿಸಿಬಿಡುತ್ತಿದ್ದ. ಮೊರ್ವೆನ್ ಆ ವರ್ಷ ಟೀ ಹಂಡೆಯನ್ನು ಬೇರೆಯವರಿಗೆ ಒಪ್ಪಿಸಿ, ಮೊದಲ ಸಲ ಹೊರಗೆ ಬಂದು ನಿಂತಳು. ಗಾಳಿ ಟೋಪಿಗಳನ್ನು ಕೇಳದೆಯೇ ತೆಗೆಸುತ್ತಿತ್ತು.

ಹತ್ತೂಕಾಲಕ್ಕೆ ಎಮ್ಲಿನ್ ಗಣಿಯ ಹಳೆಯ ದೀಪವೊಂದನ್ನು ಹಿಡಿದು ಕಲ್ಲಿನ ಮುಂದೆ ನಿಂತ.

"ಅರ್ಧ ಮೀಸೆ ಇವಾನ್."

"ಕೆಳಗೇ ಇದಾನೆ."

"ನಾಳೆ ಹೇಡನ್."

"ಕೆಳಗೇ ಇದಾನೆ."

ಮೊದಮೊದಲು ಒಬ್ಬೊಬ್ಬನಿಗೆ ಅವನವನ ಮನೆಯವರು ಉತ್ತರ ಕೊಡುತ್ತಿದ್ದರು. ಆ ಮನೆಯವರು ಸತ್ತರು, ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಅವರ ಪಾಲಿನ ಉತ್ತರವನ್ನು ಅಕ್ಕಪಕ್ಕದವರು ಕೊಟ್ಟರು, ಆಮೇಲೆ ಎಲ್ಲರೂ ಸೇರಿ ಎಲ್ಲರಿಗೂ. ತಮ್ಮವನ ಹೆಸರಿಗೆ ಮಾತ್ರ ಕಿವಿ ಕೊಡುತ್ತಿದ್ದರು, ಉಳಿದ ಇಪ್ಪತ್ತೆರಡಕ್ಕೆ ಬಾಯಿ ಮಾತ್ರ.

"ಪಾರಿವಾಳದ ಅಲುನ್."

"ಕೆಳಗೇ ಇದಾನೆ."

ಎಮ್ಲಿನ್ ನಿಂತ. ಮುಂದೆ ಎರಡು ಕೋಟಿನ ಮೊಸ್ಟಿನ್ ಅವನ ತುಟಿಯವರೆಗೆ ಬಂದು ಕಾಯುತ್ತಿದ್ದ. ದಾಟಿಸಿಬಿಟ್ಟರೆ ಮುಗಿಯಿತು. ಬಾಟಲಿ ತೊಟ್ಟಿಗೆ ಯಾರೋ ಬಾಟಲಿ ಹಾಕಿದ ಸದ್ದಾಯಿತು. ಅವನು ದಾಟಲಿಲ್ಲ.

"ಇಲ್ಲೊಬ್ಬ ಇದಾನೆ," ಎಂದ ಎಮ್ಲಿನ್. "ಹೆಸರು ಬರ್ತಿಲ್ಲ."

"ಕೆಳಗೇ ಇದಾನೆ," ಎಂದಿತು ಅರವತ್ತು ಜನರ ಗುಂಪು.

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆವೆಂದು ಅವರಿಗೆ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿದರು. ಎಮ್ಲಿನ್ ಉಳಿದ ಆರು ಜನರನ್ನು ಕರೆದ. ಅವರು ಕಾಯುತ್ತಿದ್ದರಲ್ಲ, ಬಿಡುವ ಹಾಗಿರಲಿಲ್ಲ. ಆ ಆರಕ್ಕೂ ಉತ್ತರ ತಗ್ಗಿದ ದನಿಯಲ್ಲಿ ಬಂತು. ಆಮೇಲೆ ಅವನು ಐವತ್ತೇಳು ವರ್ಷದಲ್ಲಿ ಮೊದಲ ಸಲ ಗುಂಪಿಗೆ ಪ್ರಶ್ನೆ ಕೇಳಿದ.

"ಅಲುನ್ ಆದ್ಮೇಲೆ ಯಾರು? ನೀವೆಲ್ಲ ಪ್ರತಿವರ್ಷ ಉತ್ತರ ಕೊಟ್ಟಿದೀರಲ್ಲ. ಯಾರಿಗೆ ಕೊಟ್ರಿ? ಒಬ್ಬರಾದ್ರೂ ಹೇಳ್ರಪ್ಪ."

"ಉಪ್ಪಿನ ಲೆವಿ ಅಲ್ವಾ?"

"ಅವನನ್ನ ಮೂರನೆಯವನಾಗಿ ಕರೆದಾಯ್ತು."

"ಗೂಟದ ಐವರ್?"

"ಐವರ್ ಮನೇಲಿ ಸತ್ತ, ಎಪ್ಪತ್ತೊಂಬತ್ತರಲ್ಲಿ. ನೀನೇ ಹೆಣ ಹೊತ್ತಿದ್ದೆ ಕಣೋ."

"ಹೌದಲ್ವಾ. ಭಾರ ಇದ್ದ."

ಮಳೆ ಶುರುವಾಯಿತು. ಎಲ್ಲರೂ ಗಣಿಯವರ ಕ್ಲಬ್ಬಿಗೆ ನಡೆದರು. ಕಲ್ಲಿನ ಮೇಲಿದ್ದ ಹೆಸರುಗಳನ್ನು ಗರೆತ್ ಒದ್ದೆಯಾಗುತ್ತ ನಕಲು ಮಾಡಿಕೊಂಡು ಬಂದು ಬಿಲಿಯರ್ಡ್ಸ್ ಮೇಜಿನ ಮೇಲೆ ಹರಡಿದ. ಬಾಗಿಲು ಮುಚ್ಚಿಸಿ, "ಈಗ ಸಭೆ ಶುರು" ಎಂದ.

"ಒಂದು ಕಡೆ ಕಲ್ಲಿನ ಇಪ್ಪತ್ಮೂರು, ಇನ್ನೊಂದು ಕಡೆ ಎಮ್ಲಿನ್‌ನ ಇಪ್ಪತ್ತೆರಡು. ಜೋಡಿ ಮಾಡ್ತಾ ಹೋಗೋಣ, ಉಳಿದೋನೇ ಅವನು. ಲೆಕ್ಕ ಅಂದ್ರೆ ಲೆಕ್ಕ."

ಮಂದಿರದ ಘಂಟೆ ಬಾರಿಸುತ್ತಿದ್ದ ಮುದುಕಿ ನೆಸ್ಟಾ ಮುಂದೆ ಬಂದಳು. "ಅರ್ಧ ಮೀಸೆ ನಮ್ಮ ದೊಡ್ಡಪ್ಪ. ಇವಾನ್ ಜೋನ್ಸ್. ಇ. ಜೋನ್ಸ್ ಅಂತ ಹಾಕ್ಕೋ."

"ಇ. ಜೋನ್ಸ್ ಕಲ್ಲಿನ ಮೇಲೆ ಇಲ್ಲ, ನೆಸ್ಟಾ."

"ಇಲ್ದೆ ಎಲ್ಲಿ ಹೋಗ್ತಾನೆ?... ತಡಿ. ಅವನ ನಿಜವಾದ ಹೆಸರು ಜಾನ್ ಇವಾನ್. ಅಥವಾ ಡೇವಿಡ್ ಇವಾನ್. ಎರಡರಲ್ಲಿ ಒಂದು."

"ನಿಮ್ಮ ದೊಡ್ಡಪ್ಪನ ಹೆಸರು ನಿಂಗೇ ಗೊತ್ತಿಲ್ವಾ?"

"ನಾವು ಅವನನ್ನ ಹೆಸರು ಹಿಡಿದು ಕರೀತಿದ್ವಾ? ಮೀಸೆ ದೊಡ್ಡಪ್ಪ ಅಂತಿದ್ವಿ."

ಹೀಗೆಯೇ ಎಲ್ಲರದೂ. ಮೌನಿ ಟ್ರೆಹಾರ್ನ್ ಎಂದರೆ ಟಿ. ಟ್ರೆಹಾರ್ನ್ ಇರಬೇಕೆಂದು ಹುಡುಕಿದರೆ ಅದು ಅವನ ತಾಯಿಯ ತವರಿನ ಹೆಸರಂತೆ. ಅವನು ಜೋನ್ಸೋ ವಿಲಿಯಮ್ಸೋ ಎಂದು ಇಬ್ಬರು ಮೇಜು ಗುದ್ದಿದರು. ಮೂರು ತಾಸಿನ ಹೊತ್ತಿಗೆ ಗಟ್ಟಿಯಾಗಿ ಜೋಡಿಯಾದವರು ಒಂಬತ್ತು ಜನ. ಈಕಡೆ ಹದಿನಾಲ್ಕು, ಆಕಡೆ ಹದಿಮೂರು. ಬೇಲಿ ಹಾರಿದ ಕುರಿಯನ್ನು ಎಣಿಸಬಹುದು, ಮುಖವೇ ಇಲ್ಲದ ಕುರಿಯನ್ನು ಹೇಗೆ ಗುರುತಿಸುವುದು ಎಂದು ಗರೆತ್ ಕೈ ಚೆಲ್ಲಿದ. ನೆಸ್ಟಾ ಅಳತೊಡಗಿದಳು, ದೊಡ್ಡಪ್ಪನಿಗಾಗಿಯೋ ಅಥವಾ ಅವನ ಹೆಸರಿಗಾಗಿಯೋ.

ಎಮ್ಲಿನ್ ಮೂಲೆಯ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಒಂದು ಸಂಗತಿ ನಿಧಾನವಾಗಿ ಹೊಳೆಯಿತು. ಈ ಅರವತ್ತು ಜನರಲ್ಲಿ ಯಾರೊಬ್ಬರ ಮನೆಯವನಾಗಿದ್ದರೂ ಇಷ್ಟು ಹೊತ್ತಿಗೆ, "ನಮ್ಮವನನ್ನ ಯಾಕೆ ಕರೀಲಿಲ್ಲ?" ಎಂದು ಜಗಳಕ್ಕೆ ಬಂದಿರುತ್ತಿದ್ದರು. ಯಾರೂ ಬರಲಿಲ್ಲ. ಹಾಗಾದರೆ ಅವನಿಗೆ ಯಾರೂ ಇಲ್ಲ. ಎಲ್ಲಿಂದಲೋ ಬಂದು ಬಾಡಿಗೆ ಕೋಣೆಯಲ್ಲಿದ್ದವನು. ಮೊದಲ ವರ್ಷವೂ ಅವನ ಹೆಸರಿಗೆ ಉತ್ತರ ಕೊಟ್ಟದ್ದು ಮನೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸಿರಬೇಕು. ಆಮೇಲೆ ಅವನನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವನು ಇಡೀ ಭೂಮಿಯ ಮೇಲೆ ಎಮ್ಲಿನ್ ಒಬ್ಬನೇ.

"ನಂಬರು ಗೊತ್ತಿದೆಯಲ್ಲ," ಎಂದ ಗರೆತ್. "ಇನ್ನೂರ ಎಂಟು ಅಂತಲೇ ಕರೆದರಾಯ್ತು."

"ಅವನೇನು ನಿನ್ನ ಬಸ್ಸೇನೋ?"

"ಹಾಗಾದ್ರೆ ಅವನ ಬಗ್ಗೆ ಏನಾದ್ರೂ ಹೇಳು. ಏನಾದ್ರೂ."

ಎಮ್ಲಿನ್ ಕಣ್ಣು ಮುಚ್ಚಿದ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬಂತು, ಬೇಡವೆಂದರೂ ಬಂತು. "ಎಡಗೈಯಲ್ಲಿ ಬಿಲ್ಲೆ ಕೊಡ್ತಿದ್ದ. ಹೆಬ್ಬೆರಳಿನ ತುದಿ ಇರ್ಲಿಲ್ಲ. ಕೆಮ್ಮು ಎರಡು ಸಲ, ಆಮೇಲೆ ಮೂಗಲ್ಲಿ ಒಂದು ಸಲ. ಬೇರೆಯವರ ಬಿಲ್ಲೆ ಮಂಜಿನ ಹಾಗೆ ಕೊರೀತಿತ್ತು, ಅವನದು ಮಾತ್ರ ಬೆಚ್ಚಗಿರೋದು. ಮನೆಯಿಂದ ಮುಷ್ಟಿಯಲ್ಲೇ ಹಿಡ್ಕೊಂಡು ಬರ್ತಿದ್ದ ಅಂತ ಕಾಣುತ್ತೆ. ನನ್ನ ಬೆರಳು ಚಳಿಗೆ ಸೆಟೆದಿರೋದು... ಅವನ ಬಿಲ್ಲೇನ ಗೂಟಕ್ಕೆ ಹಾಕದೆ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತಿದ್ದೆ."

ಗರೆತ್ ಪೆನ್ನು ತೆಗೆದು ಖಾಲಿ ಸಾಲಿನಲ್ಲಿ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ: "ಬೆಚ್ಚನೆ ಬಿಲ್ಲೆ."

"ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದಳು ನೆಸ್ಟಾ, ಕಣ್ಣೊರೆಸಿಕೊಂಡು.

"ಅದು ಅವನ ಹೆಸರಲ್ಲ," ಎಂದ ಎಮ್ಲಿನ್.

"ಅಡ್ಡಹೆಸರು ಎಮ್ಲಿನ್. ಎಲ್ಲರಿಗೂ ಇಟ್ಟ ಹಾಗೆ," ಎಂದ ಗರೆತ್.

"ಯಾರೂ ಅವನನ್ನ ಹಾಗೆ ಕರೀತಿರ್ಲಿಲ್ಲ! ಹೊಡೆದುಹಾಕು."

"ಮತ್ತೆ ಏನಂತ ಬರೀಲಿ, ಹೇಳು."

ಎಮ್ಲಿನ್ ಬಾಯಿ ತೆರೆದ. ಅರವತ್ತು ಜನ ಕಾದರು. ಗರೆತ್‌ನ ಪೆನ್ನು ಕಾಯಿತು. ಎಮ್ಲಿನ್ ಬಾಯಿ ಮುಚ್ಚಿದ. ಗರೆತ್ ಕೈ ಎತ್ತಿಸಿ ಮತ ಹಾಕಿಸಿದ. ವಿರೋಧ ಎರಡು, ಎಮ್ಲಿನ್ ಮತ್ತು ಮೊರ್ವೆನ್.

ಆಮೇಲೆ ಆ ಹೆಸರಿನ ಓಟವನ್ನು ಹಿಡಿಯುವವರೇ ಇಲ್ಲ. ಆ ಊರಿನ ಆಲೂಗಡ್ಡೆ ಕೂಡ ಅಷ್ಟು ವೇಗವಾಗಿ ಉರುಳಿದ್ದಿಲ್ಲ. ವಾರದೊಳಗೆ ಬೆಚ್ಚನೆ ಬಿಲ್ಲೆ ಒಳ್ಳೆಯ ಹಾಡುಗಾರನಾಗಿದ್ದ. ಈಸ್ಟರ್ ಹೊತ್ತಿಗೆ ಅವನು ತನ್ನ ಊಟದ ಡಬ್ಬಿಯನ್ನು ಇಲಿಗಳಿಗೆ ಹಂಚುತ್ತಿದ್ದ. ಬೇಸಿಗೆಯಲ್ಲಿ ಕೆಳಬೀದಿಯ ಒಬ್ಬಾಕೆಗೆ, ತನ್ನ ಅಜ್ಜಿ ಅವನನ್ನೇ ಮದುವೆಯಾಗಬೇಕೆಂದಿದ್ದಳು ಎಂಬುದು ಜ್ಞಾಪಕಕ್ಕೆ ಬಂತು. ಶಾಲೆಯ ಮಕ್ಕಳು ಅವನ ಚಿತ್ರ ಬರೆದರು, ನಗುಮುಖ, ಹತ್ತೂ ಬೆರಳು. ಎಮ್ಲಿನ್ ಆ ಚಿತ್ರದ ಮುಂದೆ ನಿಂತು, "ಹೆಬ್ಬೆರಳು..." ಎಂದು ಶುರು ಮಾಡಿದ. ಟೀಚರಮ್ಮ ಅವನ ಭುಜ ತಟ್ಟಿ ಒಂದು ಕಪ್ ಟೀ ಕೊಟ್ಟಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಂದಿರದ ಬಾಗಿಲಲ್ಲಿ ಹೇಳಿ ನೋಡಿದ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಪಾಪ, ನೆನಪು ಕೈಕೊಟ್ಟ ಮುದುಕ ಎಂದು ಅವರಿಗೆ ಗೊತ್ತಿತ್ತು.

ಒಂದೊಂದು ಬೆಳಿಗ್ಗೆ ಅವನೇ ಎಡವುತ್ತಿದ್ದ. ಅಲುನ್ ಆದ ಮೇಲೆ, ಕಿಟಕಿಯ ಕೆಳಗಿನ ಗೂಟದ ಹತ್ತಿರ, ಸುಣ್ಣದ ಗೋಡೆಯ ಬದಲು ಆ ಎರಡು ಪದಗಳೇ ನಾಲಿಗೆಗೆ ಬಂದುಬಿಡುತ್ತಿದ್ದವು. ಥೂ ಎಂದು ಉಗುಳಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಖಾಲಿ ಜಾಗವಿದ್ದಾಗ ಅವನು ವಾಪಸು ಬರಬಹುದೆಂಬ ಆಸೆಯಾದರೂ ಇತ್ತು. ಈಗ ಅಲ್ಲಿ ಬೇರೆ ಯಾರೋ ಕೂತಿದ್ದರು.

ಮರುವರ್ಷ ಮಾರ್ಚಿನಲ್ಲಿ ಕರೆದವನು ಗರೆತ್. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಾಗದ, ಮಳೆಗೆ ಒದ್ದೆಯಾಗದ ಹಾಗೆ. ಎಮ್ಲಿನ್‌ನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಮೊಣಕಾಲಿಗೆ ಕಂಬಳಿ ಹೊದಿಸಿ ಕೂರಿಸಿದ್ದರು. ಮೊರ್ವೆನ್ ಪಕ್ಕದಲ್ಲಿ ಅವನ ಕೈ ಹಿಡಿದು ನಿಂತಿದ್ದಳು. ಹಿಂದಿನ ವರ್ಷದ ಕಥೆ ಕೇಳಿ ಬಂದವರೇ ಹೆಚ್ಚು, ನೂರೈವತ್ತು ಜನರಿದ್ದರು.

"ಪಾರಿವಾಳದ ಅಲುನ್," ಎಂದು ಓದಿದ ಗರೆತ್.

"ಕೆಳಗೇ ಇದಾನೆ."

"ಬೆಚ್ಚನೆ ಬಿಲ್ಲೆ."

"ಕೆಳಗೇ ಇದಾನೆ!" ಎಂದರು ಜನ. ಅದು ಆ ದಿನದ ಎಲ್ಲಕ್ಕಿಂತ ದೊಡ್ಡ ಉತ್ತರ. ಎಷ್ಟು ದೊಡ್ಡದೆಂದರೆ ಸೂಪರ್‌ಮಾರ್ಕೆಟ್ಟಿನ ಗಾಜಿನ ಬಾಗಿಲು ಯಾರೋ ಬಂದರೆಂದುಕೊಂಡು ತಾನಾಗಿ ತೆರೆದುಕೊಂಡಿತು. ಮಕ್ಕಳು ಕೂಗಿದರು, ನೆಸ್ಟಾ ಕೂಗಿದಳು, ಕ್ಯಾರಿಸ್ ಏಪ್ರನ್ ಹಾಕಿಕೊಂಡೇ ಹೊರಗೆ ಬಂದು ಕೂಗಿದಳು.

ಎಮ್ಲಿನ್ ಒಬ್ಬ ಉತ್ತರ ಕೊಡಲಿಲ್ಲ. ತುಟಿ ಬಿಗಿಹಿಡಿದು, ಇನ್ನೂ ಯಾರನ್ನೋ ಕರೆಯಬೇಕಾಗಿದೆ ಎಂಬಂತೆ ಗರೆತ್‌ನ ಮುಖವನ್ನೇ ನೋಡುತ್ತ ಕೂತಿದ್ದ. ಗರೆತ್ ಬೆರಳನ್ನು ಒಂದು ಸಾಲು ಕೆಳಗೆ ಸರಿಸಿ, ಎರಡು ಕೋಟಿನ ಮೊಸ್ಟಿನ್ ಎಂದು ಓದಿದ.